ಆಕ್ಸಿಜನ್ ಕೋಣೆಯ ಯಂಕಪ್ಪ

ಆಕ್ಸಿಜನ್ ಎಂಬ ಮಾತನ್ನು ಯಂಕಪ್ಪ ಶಾಲೆಯಲ್ಲಿ ಓದಿ ಅಲ್ಲೇ ಬಿಟ್ಟು ಬಂದಿದ್ದ. ನಲವತ್ತು ದಾಟುವವರೆಗೂ ಅದರ ಗರಜು ಅವನಿಗೆ ಬಿದ್ದಿರಲಿಲ್ಲ. ಇಳಕಲ್ಲಿನಲ್ಲಿ ಅವನು ಪವರ್‌ಲೂಮ್ ಮೆಕ್ಯಾನಿಕ್. ಯಾರ ಮಗ್ಗ ಕೆಟ್ಟು ನಿಂತರೂ ಅವನಿಗೇ ಕರೆ ಬರುತ್ತಿತ್ತು. ಎಣ್ಣೆಯ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕೂತನೆಂದರೆ ಮಗ್ಗ ಓಡಿದ ಮೇಲೆಯೇ ಏಳುವವನು. ಆ ಎಣ್ಣೆಯ ವಾಸನೆ ಅವನ ಬೆರಳುಗಳಿಂದ ಹೋಗುತ್ತಲೇ ಇರಲಿಲ್ಲ. "ನೀವು ರೊಟ್ಟಿ ಮುರದ್ರ ರೊಟ್ಟಿನೂ ನಾರ್ತೈತಿ" ಎಂದು ಹೆಂಡತಿ ಶಾರವ್ವ ನಗುತ್ತಿದ್ದಳು.

ಕೊರೋನಾದ ಎರಡನೆಯ ಅಲೆ ಬಂದ ಬೇಸಿಗೆಯಲ್ಲಿ ಮಗ್ಗಗಳೆಲ್ಲ ನಿಂತವು. ಅದೇ ಹೊತ್ತಿಗೆ ಹುನಗುಂದದ ಊರಾಚೆ ದಾನಿಗಳು ಸೇರಿ ನಡೆಸುತ್ತಿದ್ದ ಒಂದು ಸಣ್ಣ ಆಸ್ಪತ್ರೆಗೆ ಆಕ್ಸಿಜನ್ ತಯಾರಿಸುವ ಯಂತ್ರ ಬಂತು. ಯಂತ್ರ ಬಂತು, ನೋಡಿಕೊಳ್ಳುವ ಆಳಿಲ್ಲ. ಅಲ್ಲಿನ ಡಾಕ್ಟರ್ ನಿತಿನ ಅವರಿಗೆ ಮಗ್ಗದ ಮಾಲೀಕರೊಬ್ಬರು ಯಂಕಪ್ಪನ ಹೆಸರು ಹೇಳಿದರು. ಮಷಿನ್ ಗೊತ್ತಿದ್ದವನಿಗೆ ಯಾವ ಮಷಿನ್ ಆದರೇನು ಎಂದು ಎಲ್ಲರೂ ಅಂದುಕೊಂಡರು. ಯಂಕಪ್ಪನೂ ಹಾಗೆಯೇ ಅಂದುಕೊಂಡು ಹೋದ.

ಯಂತ್ರ ಕೂರಿಸಲು ಬಂದಿದ್ದ ಇಬ್ಬರು ದೂರದ ಊರಿನವರು. ಅವರಿಗೆ ಕನ್ನಡ ಬಾರದು, ಇವನಿಗೆ ಹಿಂದಿ ಅಷ್ಟಕ್ಕಷ್ಟೆ. ಹಸಿರು ಗುಂಡಿ ತೋರಿಸಿದರು, ಕೆಂಪು ದೀಪ ತೋರಿಸಿದರು. ಕೆಂಪು ದೀಪ ಹತ್ತಿದರೆ ಈ ನಂಬರಿಗೆ ಫೋನ್ ಮಾಡು ಎಂದು ಸನ್ನೆ ಮಾಡಿ, ಸಂಜೆಯ ಗಾಡಿ ಹತ್ತಿ ಹೋದರು. ಮರುದಿನವೇ ಕೆಂಪು ದೀಪ ಹತ್ತಿತು. ಯಂಕಪ್ಪ ಫೋನ್ ಮಾಡಿದ. ಹೆಣ್ಣುಮಗಳೊಬ್ಬಳ ರೆಕಾರ್ಡ್ ಮಾಡಿದ ಧ್ವನಿ ಏನೋ ಹೇಳಿತು, ಆಮೇಲೆ ಸಂಗೀತ, ಮತ್ತೆ ಅದೇ ಧ್ವನಿ. ಅಷ್ಟರಲ್ಲಿ ದೀಪ ತಾನಾಗಿಯೇ ಆರಿತು. ಯಾಕೆ ಹತ್ತಿತು, ಯಾಕೆ ಆರಿತು ಎಂಬುದು ತಿಳಿಯಲಿಲ್ಲ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಮಗ್ಗದಲ್ಲಿ ಎಳೆ ಹರಿದರೆ ನಿಲ್ಲಿಸಿ ಗಂಟು ಹಾಕಬಹುದು. ಈ ಯಂತ್ರದಿಂದ ಹೊರಟ ತಾಮ್ರದ ಕೊಳವೆ ಗೋಡೆ ಹತ್ತಿ, ಕಿಟಕಿಯ ಪಕ್ಕದಿಂದ ಒಳಗೆ ನುಗ್ಗಿ, ಮೇಲಿನ ವಾರ್ಡಿನಲ್ಲಿ ಮಲಗಿದವರ ಮೂಗಿನವರೆಗೆ ಹೋಗುತ್ತಿತ್ತು. ಯಂಕಪ್ಪ ದಿನಕ್ಕೆ ಎಷ್ಟೋ ಸಲ ಹೊರಗೆ ಬಂದು ಆ ಕೊಳವೆಯನ್ನು ಕಣ್ಣಿನಿಂದಲೇ ಹಿಂಬಾಲಿಸುತ್ತಿದ್ದ. ವಾರ್ಡಿಗೆ ಮಾತ್ರ ಹೋಗುತ್ತಿರಲಿಲ್ಲ. ಅಲ್ಲಿನವರ ಮುಖ ನೋಡಿದರೆ ಕೆಳಗೆ ಗುಂಡಿ ಒತ್ತುವ ಕೈ ನಡುಗೀತು ಎಂಬ ಭಯ.

ಅವನ ಅವಸ್ಥೆ ನೋಡಿ ಡಾಕ್ಟರ್ ನಿತಿನ ಒಂದು ದಿನ ಕರೆದು ಹೇಳಿದರು: "ಯಂಕಪ್ಪ, ಬಾಗಲಕೋಟಿಯಿಂದ ಒಬ್ಬರು ಎಂಜಿನಿಯರ್ ಆನ್‌ಲೈನ್ ಕ್ಲಾಸ್ ಶುರು ಮಾಡ್ಯಾರ. ದವಾಖಾನಿ ಮಷಿನ್ ನೋಡ್ಕೊಳ್ಳೋರ ಸಲುವಾಗಿನೇ. ಕನ್ನಡದಾಗ ಹೇಳ್ತಾರ. ಸೇರಿಕೊ."

"ಸರ್, ನಾ ಫೋನ್‌ನ್ಯಾಗ ಕಲಿಯಾವನಽ? ನನಗ ಕೈಯಾಗ ಹಿಡದ್ರಷ್ಟ ತಿಳಿತೈತ್ರಿ."

"ಬ್ಯಾರೆ ದಾರಿ ಇಲ್ಲ. ಅವರು ಇಲ್ಲಿಗೆ ಬರ್ಲಿಕ್ಕೆ ಆಗೂದಿಲ್ಲ, ನೀ ಅಲ್ಲಿಗೆ ಹೋಗ್ಲಿಕ್ಕೆ ಆಗೂದಿಲ್ಲ."

ಹಾಗೆ ಯಂಕಪ್ಪ ವಿದ್ಯಾರ್ಥಿಯಾದ. ಯಂತ್ರದ ಕೋಣೆಯಲ್ಲಿ ನೆಟ್‌ವರ್ಕ್ ಸಿಗದು. ನೀರಿನ ಟಾಕಿಯ ಮೆಟ್ಟಿಲ ಮೇಲೆ ಕೂತರೆ ಸಿಗುತ್ತಿತ್ತು. ಬಿಸಿಲಿಗೆ ಟವೆಲ್ ಹೊದ್ದುಕೊಂಡು, ಗಾಜು ಒಡೆದ ಫೋನನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ. ಪರದೆಯಲ್ಲಿ ಸಣ್ಣ ಸಣ್ಣ ಚೌಕಗಳು. ಬಾದಾಮಿಯವನೊಬ್ಬ, ಬೇರೆ ಬೇರೆ ತಾಲೂಕಿನವರು, ನಡುವೆ ಕನ್ನಡಕ ಹಾಕಿದ ಪ್ರಾಚಿ ಮೇಡಂ. ಆಸ್ಪತ್ರೆಯ ಯಂತ್ರಗಳ ಎಂಜಿನಿಯರಿಂಗ್ ಓದಿದವರು. ಮನೆಯ ಅಡುಗೆಕೋಣೆಯ ಗೋಡೆಗೆ ಬೆನ್ನು ಕೊಟ್ಟು ಪಾಠ ಮಾಡುತ್ತಿದ್ದರು. ಹಿಂದೆ ಕುಕ್ಕರು ಕೂಗುವುದು ಎಲ್ಲರಿಗೂ ಕೇಳುತ್ತಿತ್ತು.

ಯಂಕಪ್ಪ ಮೊದಲ ದಿನಗಳಲ್ಲಿ ಕ್ಯಾಮೆರಾ ಮುಚ್ಚಿಕೊಂಡೇ ಕೂತ. ಯಾವ ಪ್ರಶ್ನೆಗೂ ಉತ್ತರ ಹೇಳಲಿಲ್ಲ.

"ಇಳಕಲ್ಲ ಯಂಕಪ್ಪನವರಽ, ಕ್ಯಾಮೆರಾ ತೆಗೀರಿ" ಎಂದರು ಮೇಡಂ. "ನನಗ ನಿಮ್ಮ ಮುಖ ಏನೂ ಬ್ಯಾಡ. ಮಷಿನ್ ತೋರಸ್ರಿ."

ಅದು ಅವನಿಗೆ ಹಿಡಿಸಿತು. ಕೋಣೆಯೊಳಗೆ ನೆಟ್‌ವರ್ಕ್ ಇಲ್ಲದ್ದರಿಂದ ಒಂದೊಂದು ಭಾಗದ ವಿಡಿಯೋ ತೆಗೆದು, ಟಾಕಿ ಹತ್ತಿ ಕಳಿಸತೊಡಗಿದ. ಇದು ಗಾಳಿ ಎಳೆಯುವ ಕಂಪ್ರೆಸರ್, ಇದು ತೇವ ತೆಗೆಯುವುದು, ಇದರೊಳಗಿನ ಕಾಳುಗಳು ಗಾಳಿಯಲ್ಲಿನ ನೈಟ್ರೋಜನ್ ಹಿಡಿದಿಟ್ಟುಕೊಂಡು ಆಕ್ಸಿಜನ್ ಮಾತ್ರ ಬಿಡುತ್ತವೆ. ಕರೆಂಟ್ ಹೋದರೆ ಇದೆಲ್ಲ ನಿಲ್ಲುತ್ತದೆ, ಆಗ ಕೋಣೆಯ ಇನ್ನೊಂದು ಗೋಡೆಗೆ ಸಾಲಾಗಿ ಜೋಡಿಸಿದ ಸಿಲಿಂಡರುಗಳಿಂದ ವಾರ್ಡಿಗೆ ಕೊಡಬೇಕು. ಕರೆಂಟ್ ಮರಳಿದರೂ ಯಂತ್ರ ಶುದ್ಧ ಆಕ್ಸಿಜನ್ ಕೊಡಲು ಹೊತ್ತು ಹಿಡಿಯುತ್ತದೆ, ಅವಸರ ಮಾಡಬಾರದು. ತಿಳಿಯುತ್ತ ಹೋದಂತೆ ಭಯ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಮೊದಲು ಏನು ಕೆಡಬಹುದೆಂದು ಗೊತ್ತಿರಲಿಲ್ಲ, ಈಗ ಗೊತ್ತಾಯಿತು.

ಎಣ್ಣೆಯ ಪಾಠ ಬಂದದ್ದು ಆಗಲೇ. ಮೇಡಂ ಒಂದು ವಿಡಿಯೋ ತೋರಿಸಿದರು. ಸಿಲಿಂಡರಿನ ಬಾಯಿಗೆ ಜೋಡಿಸಿದ ಹಿತ್ತಾಳೆಯ ರೆಗ್ಯುಲೇಟರು. ಅದಕ್ಕೆ ಯಾರೋ ಒಂದಿಷ್ಟು ಎಣ್ಣೆ ಸವರಿ, ದೂರದಿಂದ ವಾಲ್ವ್ ತೆರೆದರು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಿಳಿಯ ಬೆಂಕಿ. ಹಿತ್ತಾಳೆಯೇ ಉರಿದು ಹೋಯಿತು.

"ಕಡ್ಡಿ ಗೀರಿಲ್ಲ, ಏನಿಲ್ಲ. ಒತ್ತಡದಾಗಿರೋ ಆಕ್ಸಿಜನ್ನಿಗೆ ಎಣ್ಣಿ ಸಾಕು" ಎಂದರು ಮೇಡಂ. "ಗ್ರೀಸ್ ಬ್ಯಾಡ, ಕೊಬ್ಬರೆಣ್ಣಿ ಬ್ಯಾಡ, ಸ್ಯಾನಿಟೈಜರ್ ಹಸಿ ಇರೋ ಕೈನೂ ಬ್ಯಾಡ. ಪ್ರತಿ ಸಲನೂ ಹಿಂಗಽ ಆಗ್ತದಂತ ನಾ ಹೇಳೂದಿಲ್ಲ. ಆದ್ರ ಯಾವ ಸಲ ಆಗ್ತದಂತ ಯಾರಿಗೂ ಗೊತ್ತಿಲ್ಲ."

ಯಂಕಪ್ಪ ಫೋನ್ ಕೆಳಗಿಟ್ಟು ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ವರ್ಷಗಳ ಕಪ್ಪು ಕೂತಿತ್ತು. ಇದೇ ಕೈಗಳಿಂದ ಅವನು ಅಷ್ಟು ದಿನ ಆ ವಾಲ್ವುಗಳನ್ನು ತಿರುಗಿಸಿದ್ದ.

ಆ ದಿನದಿಂದ ಅವನಿಗೆ ತನ್ನ ಕೈಗಳದೇ ಭಯ ಹಿಡಿಯಿತು. ಸೋಪು ಹಚ್ಚಿ ತಿಕ್ಕಿದ, ಬೂದಿ ಹಚ್ಚಿ ತಿಕ್ಕಿದ, ಚರ್ಮ ಸುಲಿಯುವ ತನಕ ತಿಕ್ಕಿದ. ತಲೆಗೆ ಎಣ್ಣೆ ಹಚ್ಚುವುದು ಬಿಟ್ಟ. ಕೆಲಸಕ್ಕೆ ಹೊರಡುವ ಮುಂಚೆ ಶಾರವ್ವ ಎಣ್ಣೆಗಾಯಿ ಬಡಿಸಿದರೆ ತಾಟು ಸರಿಸಿ ಬರಿ ರೊಟ್ಟಿ ಮೊಸರು ಉಂಡ. ಗಂಡ ರೋಗ ಹೊತ್ತು ತಂದಾನೆಂದು ಶಾರವ್ವ ಹೆದರುತ್ತಿದ್ದಳು. ಅವನ ಹೆದರಿಕೆ ಇನ್ನೆಲ್ಲೋ ಇತ್ತು.

"ಹಿಂಗ ಕೈ ತಿಕ್ಕೊಂಡ್ರ ರಕ್ತ ಬರ್ತೈತಲ್ರಿ. ಏನಾಗೈತಿ ನಿಮಗ?"

"ಬರ್ಲಿ ಬಿಡು. ರಕ್ತ ಉರಿಯಂಗಿಲ್ಲ."

ಶಾರವ್ವನಿಗೆ ಏನೂ ಅರ್ಥವಾಗಲಿಲ್ಲ.

ಆಸ್ಪತ್ರೆಯಲ್ಲಿ ಸಿಲಿಂಡರ್ ಇಳಿಸಿ ಸಾಗಿಸುತ್ತಿದ್ದವನು ವಾರ್ಡಿನ ಆಳು ಹನಮಂತಪ್ಪ. ಗಟ್ಟಿ ಮನುಷ್ಯ. ತುಂಬಿದ ಸಿಲಿಂಡರನ್ನು ಒಂದೇ ಕೈಯಲ್ಲಿ ವಾಲಿಸಿ ಉರುಳಿಸಿಕೊಂಡು ಬರುತ್ತಿದ್ದ. ಯಂಕಪ್ಪ ಅವನಿಗೆ ಎಣ್ಣೆಯ ವಿಷಯ ಹೇಳಿದ. ಹನಮಂತಪ್ಪ ನಕ್ಕುಬಿಟ್ಟ. "ಲೇ ಯಂಕ್ಯಾ, ಫೋನ್ ನೋಡಿ ನೋಡಿ ನಿನ್ನ ತಲಿ ಕೆಟ್ಟೈತಿ. ಗಾಳಿಗೆ ಎಣ್ಣಿ ಹತ್ತಿದ್ರ ಬೆಂಕಿ ಬೀಳ್ತೈತೇನ?" ಪಾಠ ಯಂತ್ರ ನೋಡಿಕೊಳ್ಳುವವನಿಗೆ ಮಾತ್ರ ಇತ್ತು. ಸಿಲಿಂಡರ್ ಹೊರುವವರನ್ನೂ ಕೂರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಯಂಕಪ್ಪನಿಗೂ ಹೊಳೆಯಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಪಶ್ಚಿಮದ ಕಡೆ ಆಕಾಶ ಕೆಂಪಾಗಿ, ದೂಳೆದ್ದು, ಅದರ ಬೆನ್ನಿಗೇ ಮಳೆ ಬಂತು. ಕರೆಂಟ್ ಹೋಯಿತು. ಯಂತ್ರ ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡಿ ನಿಂತಿತು. ಯಂಕಪ್ಪ ಪಾಠದಲ್ಲಿ ಹೇಳಿದ ಹಾಗೆ ಸಿಲಿಂಡರ್ ಸಾಲಿನ ಕಡೆಗೆ ತಿರುಗಿಸಿದ. ಆದರೆ ವಾರವೆಲ್ಲ ಕರೆಂಟ್ ಕೈಕೊಟ್ಟಿದ್ದರಿಂದ ಸಾಲಿನಲ್ಲಿ ತುಂಬಿದವು ಎರಡೇ ಉಳಿದಿದ್ದವು. ಒಂದು ಹರಿಯತೊಡಗಿತು. ಅದು ಮುಗಿಯುವ ಮುಂಚೆ ಇನ್ನೊಂದನ್ನು ತೆರೆಯಬೇಕು. ಅದರ ವಾಲ್ವ್ ಬಿಗಿದುಕೊಂಡಿತ್ತು. ಪಾನಾ (ಸ್ಪ್ಯಾನರ್) ಹಾಕಿ ಎಷ್ಟು ತಿರುಗಿಸಿದರೂ ಜಗ್ಗಲಿಲ್ಲ. ಅಷ್ಟರಲ್ಲಿ, ವಾರ್ಡಿನ ದೀಪ, ಮಾನಿಟರುಗಳಿಗಷ್ಟೇ ಸಾಲುತ್ತಿದ್ದ ಸಣ್ಣ ಜನರೇಟರ್ ಕೆಮ್ಮಿ ನಿಂತ ಸದ್ದು ಕೇಳಿಸಿತು. "ಇಲ್ಲೇ ನಿಂದ್ರೋ, ಬಂದೆ" ಎಂದು ಹನಮಂತಪ್ಪನಿಗೆ ಹೇಳಿ ಯಂಕಪ್ಪ ಜನರೇಟರಿನ ಕಡೆ ಓಡಿದ.

ಅದನ್ನು ಶುರು ಮಾಡಿ ತಿರುಗಿ ಬಂದಾಗ ಬಾಗಿಲಲ್ಲೇ ನಿಂತುಬಿಟ್ಟ. ಕೋಣೆಯ ತುಂಬ ಕೊಬ್ಬರಿ ಎಣ್ಣೆಯ ವಾಸನೆ.

ಹನಮಂತಪ್ಪನ ಕೈಯಲ್ಲಿ ನರ್ಸಮ್ಮಗಳ ಕೋಣೆಯಿಂದ ತಂದ ನೀಲಿ ಬಾಟಲಿ ಇತ್ತು. ವಾಲ್ವಿನ ಸುತ್ತ ಎಣ್ಣೆ ಸುರಿದಿದ್ದ. ಅದು ಜೋಡಣೆಯ ಸಂದಿಯೊಳಗೆ ಇಳಿದು, ಕೆಳಗೆ ಹನಿಯುತ್ತಿತ್ತು. "ಈಗ ತಿರಗಾಕತ್ತೈತಿ ನೋಡು" ಎಂದು ಹನಮಂತಪ್ಪ ಮತ್ತೆ ಪಾನಾ ಹಾಕಿದ.

"ಕೈ ತಗೀ! ತಗೀ ಅಂತೇನಿ!"

ಯಂಕಪ್ಪ ಮೈಮೇಲೆ ಬಿದ್ದು ಅವನನ್ನು ಎಳೆದ. ಇಬ್ಬರೂ ಗೋಡೆಗೆ ಬಡಿದರು. ಪಾನಾ ನೆಲಕ್ಕೆ ಬಿತ್ತು.

"ಹುಚ್ಚ ಹಿಡದೈತೇನಲೇ ನಿನಗ? ಮ್ಯಾಲ ಮಂದಿ ಸಾಯಾಕತ್ತಾರ!"

ಮೇಲಿನಿಂದ ನರ್ಸ್ ಸುರೇಖಾಳ ಕೂಗು ಕೇಳಿಸಿತು: "ಪ್ರೆಷರ್ ಇಳಿಯಾಕತ್ತೈತ್ರೀ! ಏನ್ ಮಾಡಾಕತ್ತೀರಿ ಕೆಳಗ?" ಹರಿಯುತ್ತಿದ್ದ ಸಿಲಿಂಡರಿನ ಒತ್ತಡದ ಮುಳ್ಳು ಕೆಳಕ್ಕೆ ವಾಲಿತ್ತು. ಯಂಕಪ್ಪ ಫೋನ್ ತೆಗೆದ. ನೆಟ್‌ವರ್ಕ್ ಇಲ್ಲ. ಟಾಕಿ ಹತ್ತಲು ಸಮಯವಿಲ್ಲ, ಆ ಗಾಳಿಯಲ್ಲಿ ಹತ್ತಲೂ ಆಗದು. ಕೇಳಲು ಯಾರೂ ಇಲ್ಲ. ಅವನ ಕಣ್ಣ ಮುಂದೆ ಆ ಬಿಳಿಯ ಬೆಂಕಿ, ಅದರ ಹಿಂದೆ ಗೋಡೆ ಹತ್ತಿ ವಾರ್ಡಿಗೆ ಹೋಗುವ ಕೊಳವೆ.

ಡಾಕ್ಟರ್ ನಿತಿನ ತೊಯ್ದ ಗೌನಿನಲ್ಲಿ ಓಡಿ ಬಂದರು. ನೋಡಿದ ಕೂಡಲೇ ಅವರಿಗೆ ತಿಳಿಯಿತು. "ಒರೆಸಿ ತೆರೀಲಿಕ್ಕೆ ಬರೂದಿಲ್ಲೇನು?"

"ಒಳಗ ಇಳದೈತ್ರಿ ಸರ್."

"ಬೆಂಕಿ ಬೀಳೂದು ಖರೇ ಏನು?"

ಯಂಕಪ್ಪ ಎಣ್ಣೆಯ ಸಿಲಿಂಡರಿಗೆ ಅಡ್ಡ ನಿಂತ. "ಗೊತ್ತಿಲ್ರೀ ಸರ್. ಬೀಳ್ದೇನೂ ಇರಬಹುದು. ಆದ್ರ ನಾ ತೆರೆಯಂಗಿಲ್ಲ. ಬೇಕಾದ್ರ ಕೆಲಸದಿಂದ ತಗೀರಿ. ಶೆಡ್‌ನ್ಯಾಗ ಹೊಸಾವು ಅದಾವ, ಅವನ್ನ ತರೂಣು."

ಶೆಡ್ ಅಂಗಳದ ಆ ತುದಿಗಿತ್ತು. ನಡುವೆ ಮಳೆ, ಕೆಸರು. ಡಾಕ್ಟರು ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಮೇಲಕ್ಕೆ ಮುಖ ಮಾಡಿ, "ಸುರೇಖಾ, ಸಣ್ಣ ಸಿಲಿಂಡರ್ ಭಾಳ ತ್ರಾಸಿನವರಿಗೆ ಹಚ್ಚು" ಎಂದು ಕೂಗಿ, ತಾವೇ ಶೆಡ್ಡಿನ ಕಡೆ ಓಡಿದರು. ಹನಮಂತಪ್ಪ ಬೈಯುತ್ತಲೇ ಹಿಂದೆ ಓಡಿದ. ಇಬ್ಬರೂ ಸೇರಿ ಕೆಸರಿನಲ್ಲಿ ಸಿಲಿಂಡರ್ ಎಳೆದು ತಂದರು. ಒಂದು ಕಡೆ ಅದು ಜಾರಿ ಮಲಗಿಬಿಟ್ಟಿತು, ಮತ್ತೆ ಎಬ್ಬಿಸಿದರು. ಅಷ್ಟರಲ್ಲಿ ಯಂಕಪ್ಪ ಕೈ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಸಾಲಿನ ಆ ತುದಿಯ ಖಾಲಿ ಸಿಲಿಂಡರನ್ನು ಬಿಚ್ಚಿಟ್ಟಿದ್ದ. ಹೊಸದರ ಬಾಯಿ ಒರೆಸಿ ಜೋಡಿಸಿದ. ನಿಧಾನಕ್ಕೆ ತೆರೆದ. ನಿಧಾನಕ್ಕೇ ತೆರೆಯಬೇಕೆಂದು ಮೇಡಂ ಹೇಳಿದ್ದರು. ಅವಸರ ಮಾಡಬೇಕೆಂದು ಮೇಲಿನ ಕೂಗು ಹೇಳುತ್ತಿತ್ತು. ಮುಳ್ಳು ಏರಿತು. ಕೊಳವೆಯಲ್ಲಿ ಸುಯ್ಯೆಂಬ ಸದ್ದು ಬಂತು.

ಆ ಸದ್ದಿಗೂ ಹಿಂದಿನ ಸಿಲಿಂಡರ್ ಬರಿದಾದದ್ದಕ್ಕೂ ನಡುವೆ ಒಂದಿಷ್ಟು ಹೊತ್ತು ವಾರ್ಡಿಗೆ ಏನೂ ಹೋಗಿರಲಿಲ್ಲ. ಸುರೇಖಾ ಒಬ್ಬಳೇ ಹಾಸಿಗೆಯಿಂದ ಹಾಸಿಗೆಗೆ ಓಡಿದ್ದಳು. ಸಣ್ಣ ಸಿಲಿಂಡರು ಒಂದೇ ಇತ್ತು.

ಮರುದಿನ ಬೆಳಿಗ್ಗೆ ಅಂದಾನಪ್ಪ ಎಂಬ ರೋಗಿ ತೀರಿಕೊಂಡರು. ಹುನಗುಂದದ ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅವರ ಶ್ವಾಸಕೋಶ ಮೊದಲೇ ಕೈಬಿಟ್ಟಿತ್ತು, ಇನ್ನು ಹೆಚ್ಚು ದಿನವಿಲ್ಲ ಎಂದು ತಾವು ಹಿಂದಿನ ವಾರವೇ ಮನೆಯವರಿಗೆ ಹೇಳಿದ್ದಾಗಿ ಡಾಕ್ಟರ್ ನಿತಿನ ಹೇಳಿದರು. ಯಂಕಪ್ಪ ಕೇಳಿಸಿಕೊಂಡ. ಅವರು ಹೇಳಿದ್ದು ನಿಜವೇ ಇರಬೇಕು. ಆದರೂ ಆ ಮಾತು ಅವನ ಕಿವಿಯ ಒಳಗೆ ಹೋಗಲಿಲ್ಲ.

ಗೇಟಿನ ಹತ್ತಿರ ಅಂದಾನಪ್ಪನವರ ಮಗಳು ಜಯಶ್ರೀ ನಿಂತಿದ್ದಳು. ಯಂಕಪ್ಪ ತಲೆ ತಗ್ಗಿಸಿ ದಾಟಿಹೋಗಲು ನೋಡಿದ.

"ನೀವಽ ಏನ್ರಿ ಆ ಆಕ್ಸಿಜನ್ ಮಷಿನ್ ನೋಡಾವ್ರು?"

ಅವನು ನಿಂತ.

"ನಿನ್ನೆ ಮಳಿ ಬಂದಾಗ ನಮ್ಮಪ್ಪಗ ಆಕ್ಸಿಜನ್ ಹೋಗ್ತಿತ್ತೇನ್ರಿ?"

ಹೂಂ ಎಂದರೆ ಮುಗಿಯುತ್ತಿತ್ತು. ಡಾಕ್ಟರೂ ಹಾಗೇ ಹೇಳಲು ಸೂಚಿಸುತ್ತಿದ್ದರೋ ಏನೋ, ಅವನು ಕೇಳಿರಲಿಲ್ಲ. "ಒಂದ್ ಸ್ವಲ್ಪ ಹೊತ್ತು ಹೋಗಿಲ್ರಿ ತಂಗಿ" ಎಂದ. "ಸಿಲಿಂಡರಿಗೆ ಎಣ್ಣಿ ಹತ್ತಿತ್ತು. ತೆರದ್ರ ಬೆಂಕಿ ಬೀಳ್ತೈತಂತ ನಾನಽ ತೆರೀಲಿಲ್ಲ. ಬ್ಯಾರೇದು ತಂದು ಹಚ್ಚೂತನ ಹೊತ್ತಾತು."

ಅವಳು ಚೀರಲಿಲ್ಲ, ಶಪಿಸಲಿಲ್ಲ. ಅವನ ಸುಲಿದ ಕೈಗಳನ್ನೇ ನೋಡಿದಳು. "ಹೇಳಿದ್ರಲ್ಲ" ಎಂದಳು. ಅಷ್ಟೇ ಅಂದು ಸೆರಗು ಬಾಯಿಗೆ ಒತ್ತಿಕೊಂಡು ಆಂಬುಲೆನ್ಸ್ ಕಡೆ ನಡೆದಳು. ಅದು ಮೆಚ್ಚುಗೆಯೋ, ತಿರಸ್ಕಾರವೋ, ಯಂಕಪ್ಪನಿಗೆ ಇವತ್ತಿಗೂ ತಿಳಿದಿಲ್ಲ.

ಅವನು ಇಳಕಲ್ಲಿಗೆ ಬಂದು ಮಲಗಿಬಿಟ್ಟ. ನಾಳೆಯಿಂದ ಹೋಗುವುದಿಲ್ಲ ಎಂದ. ಶಾರವ್ವನಿಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ಗಂಡ ಕಣ್ಣು ಮುಚ್ಚಿದರೆ ಬೆಚ್ಚಿ ಏಳುವುದನ್ನೂ, ಒಲೆಯ ಉರಿ ಕಂಡರೆ ಮುಖ ತಿರುಗಿಸುವುದನ್ನೂ ನೋಡಿ ಅವಳ ಸಮಾಧಾನ ಕರಗಿತು. "ಅವರ ಮುಂದರ ಹೇಳ್ರಿ, ಆ ಫೋನಿನ ಅಕ್ಕಾರ ಮುಂದ" ಎಂದು ಫೋನ್ ತಂದು ಅವನ ಕೈಗಿಟ್ಟಳು. "ನನ್ನ ಮುಂದ ಹೇಳಿದ್ರ ನಾ ಅಳ್ತೇನಿ ಅಷ್ಟ. ಅವರಿಗೆ ತಿಳಿತೈತಿ."

ಪಾಠ ನಡೆದಿತ್ತು. ಯಂಕಪ್ಪ ಸೇರಿಕೊಂಡ. ಮೇಡಂಗೆ ಡಾಕ್ಟರಿಂದ ಸುದ್ದಿ ಗೊತ್ತಾಗಿತ್ತು. ಅವರು ಪಾಠ ನಿಲ್ಲಿಸಿದರು. ಯಂಕಪ್ಪ ಎಲ್ಲ ಚೌಕಗಳ ಎದುರು, ಮುಖ ಮುಚ್ಚಿಕೊಳ್ಳದೆ, ನಡೆದದ್ದನ್ನು ಹೇಳಿದ. ಕೊನೆಗೆ ಕೇಳಿದ: "ಮೇಡಂ, ಖರೇ ಹೇಳ್ರಿ. ನಾ ತೆರದಿದ್ರ ಬೆಂಕಿ ಬೀಳ್ತಿತ್ತ?"

ಹಿಂದೆ ಕುಕ್ಕರು ಕೂಗುತ್ತಿತ್ತು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಗೊತ್ತಿಲ್ಲ ಯಂಕಪ್ಪನವರ. ನಿಮಗ ಸುಳ್ಳು ಸಮಾಧಾನ ಹೇಳ್ಲಿಕ್ಕೆ ನನಗ ಆಗೂದಿಲ್ಲ. ನಾ ಇದ್ರೂ ತೆರೀತಿರಲಿಲ್ಲ. ಆದ್ರ ತಪ್ಪು ಬ್ಯಾರೆ ಕಡೆ ಅದ, ಮತ್ತ ಅದರಾಗ ನಂದೂ ಪಾಲು ಅದ. ಎಣ್ಣಿ ಸುರದವರಿಗೆ ನಾವ್ಯಾರೂ ಕಲಿಸಿರಲಿಲ್ಲ. ಬಿಗಿ ವಾಲ್ವ್ ಇದ್ದ ಸಿಲಿಂಡರ್ ಗಾಡಿಯಿಂದ ಇಳಿಯೂ ಮುಂದನಽ ತಿಳೀಬೇಕಿತ್ತು. ಅದನ್ನೂ ನಾ ಕಲಿಸಿರಲಿಲ್ಲ."

ಬಾದಾಮಿಯ ಆಸ್ಪತ್ರೆಯವನು ಮೆಲ್ಲಗೆ ಹೇಳಿದ: "ನಮ್ಮಲ್ಲೂ ಎಣ್ಣಿ ಹಚ್ತಾರ್ರಿ. ನಾ ನೋಡೇನಿ. ಸುಮ್ಮನಿದ್ದೆ."

ಆ ಮಾತು ಯಂಕಪ್ಪನಿಗೆ ಯಾವ ಸಮಾಧಾನಕ್ಕಿಂತಲೂ ಹೆಚ್ಚು ತಾಗಿತು. ಹೆದರಿದವನು ತಾನೊಬ್ಬನೇ ಅಲ್ಲ ಎಂದು ಮೊದಲ ಸಲ ಅನ್ನಿಸಿತು. ಮುಂದಿನ ಸೋಮವಾರ ಅವನು ಮತ್ತೆ ಹುನಗುಂದಕ್ಕೆ ಹೊರಟ.

ಟಾಕಿಯ ಮೆಟ್ಟಿಲ ಮೇಲೆ ಹನಮಂತಪ್ಪ ಮೊದಲೇ ಬಂದು ಕೂತಿದ್ದ. ಗಡ್ಡ ಬೆಳೆದಿತ್ತು. ಡಾಕ್ಟರು ಅವನಿಗೆ ಆ ಬೆಂಕಿಯ ವಿಡಿಯೋ ತೋರಿಸಿದ್ದರು.

"ನನ್ನ ಕೈಲೆನಽ ಬೆಂಕಿ ಹಚ್ತಿದ್ನೆಲ್ಲೋ ಯಂಕ್ಯಾ" ಎಂದ. "ಆ ಪಾನಾ ಇನ್ನೊಂದ್ ಸುತ್ತು ತಿರುಗಿದ್ರ…" ಅಷ್ಟು ಗಟ್ಟಿ ಮನುಷ್ಯ ಮಗುವಿನ ಹಾಗೆ ಬಿಕ್ಕಿದ. ಯಂಕಪ್ಪ ಅವನ ಪಕ್ಕ ಕೂತು ಫೋನ್ ನಡುವೆ ಹಿಡಿದ. ಆ ದಿನದಿಂದ ಹನಮಂತಪ್ಪನೂ ಪಾಠಕ್ಕೆ ಕೂತ. ಆಮೇಲೆ ಸುರೇಖಾ ಬಂದಳು, ಕಸ ಗುಡಿಸುವ ಬಸಲಿಂಗವ್ವ ಬಂದಳು, ಸಿಲಿಂಡರಿನ ಲಾರಿ ಡ್ರೈವರು ಕೂಡ ಒಂದು ದಿನ ನಿಂತು ಕೇಳಿಸಿಕೊಂಡ. ಗಾಡಿಯಿಂದ ಇಳಿಸುವಾಗಲೇ ಪ್ರತಿ ವಾಲ್ವು ತಿರುಗಿಸಿ ನೋಡುವ ಪದ್ಧತಿ ಬಂತು. ಬಿಗಿಯಾದದ್ದು ಗಾಡಿಯಲ್ಲೇ ವಾಪಸು. ಪ್ರಾಚಿ ಮೇಡಂ ಅದನ್ನು ಎಲ್ಲ ಆಸ್ಪತ್ರೆಗಳ ಪಾಠಕ್ಕೆ ಸೇರಿಸಿದರು.

ಕೊರೋನಾ ಹೋಯಿತು. ಮಗ್ಗಗಳು ಮತ್ತೆ ಶುರುವಾಗಿ, ಮಾಲೀಕರು ಕರೆದರು. ಯಂಕಪ್ಪ ಹೋಗಲಿಲ್ಲ. ಎಣ್ಣೆಯ ಡಬ್ಬಿ ಮುಟ್ಟಲು ಅವನಿಂದಾಗದು ಎಂಬುದು ಒಂದು ಕಾರಣ. ಇನ್ನೊಂದು ಅವನು ಯಾರಿಗೂ ಹೇಳದ್ದು: ತಾನು ಬಿಟ್ಟುಹೋದರೆ ಆ ಕೋಣೆಗೆ ಬೀಗ ಬಿದ್ದು, ಬೇಕಾದ ದಿನ ಯಂತ್ರ ಏಳದೆ ಹೋದರೆ ಎಂಬ ಭಯ. ಬೇರೆ ಊರುಗಳಲ್ಲಿ ಅಂಥ ಕೋಣೆಗಳ ಬಾಗಿಲಿಗೆ ಜೇಡ ಬಲೆ ಕಟ್ಟಿದ್ದನ್ನು ಪಾಠದವರು ಹೇಳುತ್ತಿದ್ದರು.

ಈಗ ಶನಿವಾರದ ಪಾಠ ಅವನೇ ಮಾಡುತ್ತಾನೆ. ಆಸ್ಪತ್ರೆಯವರು ಕೋಣೆಗೆ ವೈಫೈ ಹಾಕಿಸಿದ್ದಾರೆ. ಕಳೆದ ಸಲ ಬಾದಾಮಿಗೆ ಹೊಸದಾಗಿ ಸೇರಿದ ಮಾಯವ್ವ ಎಂಬ ಹುಡುಗಿ, "ಸರ್, ಎಷ್ಟ್ ವರ್ಷ ಆದಮ್ಯಾಲ ಹೆದರಿಕಿ ಹೋಗ್ತೈತ್ರಿ?" ಎಂದು ಕೇಳಿದಳು.

ಯಂಕಪ್ಪ ಉತ್ತರ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದೆ ಕಂಪ್ರೆಸರಿನ ಸದ್ದು ಒಂಚೂರು ಬದಲಾಯಿತು. ಅವನು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಕುತ್ತಿಗೆ ಓರೆ ಮಾಡಿ ಕೇಳಿಸಿಕೊಂಡ. ಸಣ್ಣ ಸಣ್ಣ ಚೌಕಗಳಲ್ಲಿ ಎಲ್ಲರೂ ಅವನ ಜೊತೆಗೇ ಉಸಿರು ಬಿಗಿಹಿಡಿದರು. ಯಂತ್ರ ಒಮ್ಮೆ ತೇವದ ನೀರು ಹೊರಗೆ ಉಗುಳಿ, ಮತ್ತೆ ತನ್ನ ಸದ್ದಿಗೆ ಮರಳಿತು.

"ಏನಿಲ್ಲ, ನೀರು ಬಿಡ್ತು" ಎಂದ ಯಂಕಪ್ಪ. ಹಣೆ ಒರೆಸಿಕೊಂಡು, ಕ್ಯಾಮೆರಾವನ್ನು ಸಿಲಿಂಡರುಗಳ ಕಡೆ ತಿರುಗಿಸಿದ.

"ನೋಡು ಮಾಯವ್ವ, ಮೊದಲ ಕೈ ತೋರ್ಸು. ಎರಡೂ."